ಆರ್‌ಎಸ್‌ವಿ ತಡೆಯುವ ಇಂಜೆಕ್ಷನ್ ಹಸುಗೂಸಿಗೆ ಸುರಕ್ಷಿತವೇ?

ಹೌದು, ಬಹುಪಾಲು ಕೂಸುಗಳಿಗೆ ಸುರಕ್ಷಿತ. ಬಾಣಂತನಕ್ಕೆ ವಿಜಯಪುರದ ತವರಿಗೆ ಬಂದಿರುವ ಮಗಳ ಕೂಸಿಗೆ 'ನಿರ್ಸೆವಿಮ್ಯಾಬ್' ಎಂಬ ಈ ಇಂಜೆಕ್ಷನ್ ಹಾಕಿಸಬಹುದಾ, ಹಳೆಯ ಲಸಿಕೆಯ ಹಾಗೆ ತೊಂದರೆ ಆಗಲ್ವಾ ಎಂದು ಕೇಳಿದ್ದೀರಿ. ಆರ್‌ಎಸ್‌ವಿ ಅಂದರೆ ಎಳೆ ಮಕ್ಕಳ ಎದೆಗಿಳಿದು ಉಸಿರಾಟಕ್ಕೆ ತೊಂದರೆ ಕೊಡುವ ವೈರಸ್.

ನಿಮ್ಮ ಭಯ ಸುಮ್ನೆ ಹುಟ್ಟಿದ್ದಲ್ಲ. 1960ರ ದಶಕದಲ್ಲಿ ಅಮೆರಿಕದಲ್ಲಿ ಪ್ರಯೋಗಿಸಿದ ಒಂದು ಆರ್‌ಎಸ್‌ವಿ ಲಸಿಕೆ ಕೂಸುಗಳ ಮೈಗೆ ತಪ್ಪು ಪಾಠ ಕಲಿಸಿತು. ಆಮೇಲೆ ನಿಜವಾದ ವೈರಸ್ ತಗುಲಿದಾಗ ಕಾಯಿಲೆ ಇನ್ನೂ ಜೋರಾಯಿತು. ಎರಡು ಮಕ್ಕಳು ತೀರಿಕೊಂಡವು. ಅದನ್ನು ಮರೆಯುವಂತಿಲ್ಲ.

ಆದರೆ ನಿರ್ಸೆವಿಮ್ಯಾಬ್ ಲಸಿಕೆಯೇ ಅಲ್ಲ. ಮೈಗೆ ಏನನ್ನೂ ಕಲಿಸುವುದಿಲ್ಲ. ವೈರಸ್ಸನ್ನು ಹಿಡಿದು ಕಟ್ಟಿಹಾಕುವ ಪ್ರೋಟೀನನ್ನೇ, ಅಂದರೆ ಆ್ಯಂಟಿಬಾಡಿಯನ್ನೇ, ಸಿದ್ಧಮಾಡಿ ಕೊಡುತ್ತದೆ. ಹೊಟ್ಟೆಯಲ್ಲಿದ್ದಾಗ ತಾಯಿಯಿಂದ ಕೂಸಿಗೆ ಬರುವ ರಕ್ಷಣೆಯೂ ಇಂಥದ್ದೇ, ಅಲ್ವಾ? ಇದರಲ್ಲಿ ವೈರಸ್ ಇಲ್ಲ, ಹಾಗಾಗಿ ಇದರಿಂದ ಆರ್‌ಎಸ್‌ವಿ ಬರುವುದಿಲ್ಲ. ಕನಿಷ್ಠ 5 ತಿಂಗಳು ಕಾಯುತ್ತದೆ, ಆಮೇಲೆ ತಾನೇ ಕರಗಿಹೋಗುತ್ತದೆ.

ಕೆಲವು ಕೂಸುಗಳಿಗೆ ಚುಚ್ಚಿದ ಜಾಗ ಊದಬಹುದು, ದದ್ದು ಏಳಬಹುದು. ಜೋರು ಅಲರ್ಜಿ ತೀರಾ ಅಪರೂಪ. ಆದರೂ ಮುಖ ಊದಿದರೆ, ಉಸಿರು ಕಟ್ಟಿದರೆ ತಕ್ಷಣ ಆಸ್ಪತ್ರೆಗೆ ಓಡಿ. ಕೂಸಿಗೆ ರಕ್ತಸ್ರಾವದ ತೊಂದರೆ ಇದ್ದರೆ ಮಕ್ಕಳ ಡಾಕ್ಟರಿಗೆ ಮೊದಲೇ ಹೇಳಿ.