ಗರ್ಭನಿರೋಧಕ ಮಾತ್ರೆ ತೆಗೆದುಕೊಂಡು ಮುಟ್ಟು ಕಡಿಮೆ ಮಾಡಿಕೊಂಡರೆ ಕೆಟ್ಟ ರಕ್ತ ಒಳಗೇ ಉಳಿಯುತ್ತದೆಯೇ?

ನೀವು ಕೇಳಿರುವುದು ಇಷ್ಟು: ವಯಸ್ಸು 31, ನಾಲ್ಕು ವರ್ಷದ ಒಂದು ಮಗು ಇದೆ. ಪ್ರತಿ ತಿಂಗಳು ಎಂಟು ದಿನ ಗಡ್ಡೆಗಡ್ಡೆಯಾಗಿ ಬ್ಲೀಡಿಂಗ್ ಆಗುತ್ತದೆ, ಹಿಮೋಗ್ಲೋಬಿನ್ 8.9ಕ್ಕೆ ಇಳಿದಿದೆ. ಡಾಕ್ಟರು ಗರ್ಭನಿರೋಧಕ ಮಾತ್ರೆ ಬರೆದುಕೊಟ್ಟಿದ್ದಾರೆ. ಅತ್ತೆಯವರು “ಮುಟ್ಟು ಕಟ್ಟಿದರೆ ಕೆಟ್ಟ ರಕ್ತ ಒಳಗೇ ಉಳಿಯುತ್ತೆ, ಮುಂದೆ ಮಕ್ಕಳಾಗಲ್ಲ” ಅನ್ನುತ್ತಿದ್ದಾರೆ. ಮಾತ್ರೆಯನ್ನು ಗ್ಯಾಪ್ ಇಲ್ಲದೆ ನುಂಗಿ ಮುಟ್ಟನ್ನೇ ಕಡಿಮೆ ಮಾಡಿಕೊಳ್ಳಬಹುದೇ, ಅಥವಾ ಪಕ್ಕದ ಮನೆಯವರು ಹೇಳಿದಂತೆ ಕಾಪರ್-ಟಿ ಹಾಕಿಸಿಕೊಳ್ಳಬೇಕೇ?

ಮೊದಲು ಕಾಪರ್-ಟಿ ವಿಷಯ. ಅದು ನಿಮಗೆ ಬೇಡ. ವಂಕಿ ಎಂದು ಆಶಾ ಕಾರ್ಯಕರ್ತೆಯರು ಹೇಳುವ ತಾಮ್ರದ ಆ ಸಾಧನ ಗರ್ಭ ತಡೆಯುವುದರಲ್ಲಿ ಬಹಳ ಒಳ್ಳೆಯದು. ಆದರೆ ಅದರಲ್ಲಿ ಹಾರ್ಮೋನ್ ಇಲ್ಲ. ಹಾಕಿಸಿಕೊಂಡವರಲ್ಲಿ ಅನೇಕರಿಗೆ, ಅದರಲ್ಲೂ ಮೊದಲ ಕೆಲವು ತಿಂಗಳು, ಬ್ಲೀಡಿಂಗೂ ಹೊಟ್ಟೆನೋವೂ ಹೆಚ್ಚೇ ಆಗುತ್ತವೆ. 8.9 ಹಿಮೋಗ್ಲೋಬಿನ್ ಇಟ್ಟುಕೊಂಡು ಆ ದಾರಿ ಹಿಡಿಯಬೇಡಿ. ಹಾರ್ಮೋನ್ ಇರುವ ಇನ್ನೊಂದು ಸಾಧನವಿದೆ, ನೋಡಲು ಅದೇ ಆಕಾರ, ಕೆಲಸ ಮಾತ್ರ ತದ್ವಿರುದ್ಧ. ಅದರ ವಿಚಾರ ಕೆಳಗೆ ಬರೆದಿದ್ದೇನೆ.

ಇನ್ನು ಅತ್ತೆಯವರ ಭಯ. ಅದು ಕಾಳಜಿಯಿಂದ ಬಂದದ್ದು, ಆದ್ದರಿಂದ ಅವರಿಗೂ ಬಿಡಿಸಿ ಹೇಳಿ. ಮುಟ್ಟಿನಲ್ಲಿ ಹೋಗುವುದು ಮೈಯಲ್ಲಿ ಶೇಖರವಾದ ಕೆಟ್ಟ ರಕ್ತವಲ್ಲ. ಗರ್ಭಕೋಶದ ಒಳಪದರ ಪ್ರತಿ ತಿಂಗಳು ದಪ್ಪವಾಗಿ ಬೆಳೆಯುತ್ತದೆ, ಗರ್ಭ ನಿಲ್ಲದಿದ್ದರೆ ಕಳಚಿ ರಕ್ತದ ಜೊತೆ ಹೊರಬರುತ್ತದೆ. ಮಾತ್ರೆಯಲ್ಲಿರುವ ಪ್ರೊಜೆಸ್ಟಿನ್ ಹಾರ್ಮೋನ್ ಆ ಪದರವನ್ನು ಬೆಳೆಯಲು ಬಿಡದೆ ತೆಳ್ಳಗೆ ಇಡುತ್ತದೆ. ಬಿತ್ತದ ಹೊಲದಲ್ಲಿ ಕೊಯ್ಲು ಎಲ್ಲಿಂದ ಬರಬೇಕು? ಒಳಗೆ ಉಳಿಯುವುದಕ್ಕೆ ಏನೂ ಇರುವುದಿಲ್ಲ. ಮಾತ್ರೆ ನಿಲ್ಲಿಸಿದರೆ ಬಹುಪಾಲು ಹೆಂಗಸರಿಗೆ ಒಂದೆರಡು ತಿಂಗಳಲ್ಲಿ ತಮ್ಮದೇ ಮುಟ್ಟು ಮರಳುತ್ತದೆ. ಮಕ್ಕಳಾಗುವ ಶಕ್ತಿ ಕುಂದುವುದಿಲ್ಲ.

ಯಾವ ಔಷಧಿಯೂ ಇಲ್ಲದೆ ಮುಟ್ಟು ತಾನಾಗಿ ಮೂರ್ನಾಲ್ಕು ತಿಂಗಳು ನಿಂತರೆ ಅದು ಬೇರೆ ಸಂಗತಿ. ಪಿಸಿಒಎಸ್ (ಹಾರ್ಮೋನ್ ಏರುಪೇರಾಗಿ ಮುಟ್ಟು ತಪ್ಪುವ ತೊಂದರೆ) ಇರುವವರಲ್ಲಿ ಹಾಗಾದಾಗ ಒಳಪದರ ಬೆಳೆಯುತ್ತಲೇ ಇರುತ್ತದೆ, ಅದಕ್ಕೆ ಚಿಕಿತ್ಸೆ ಬೇಕು. ಈ ಎರಡನ್ನೂ ಒಂದೇ ಎಂದುಕೊಳ್ಳುವುದರಿಂದಲೇ ಮಾತ್ರೆಯ ಮೇಲೆ ಇಷ್ಟು ಅನುಮಾನ.

ಮಾತ್ರೆ ಶುರು ಮಾಡುವ ಮೊದಲು ಇಷ್ಟು ಬ್ಲೀಡಿಂಗ್ ಯಾಕೆ ಎಂದು ನೋಡಿದ್ದಾರೆಯೇ? ಗರ್ಭಧಾರಣೆ ಪರೀಕ್ಷೆ, ರಕ್ತದ ಪೂರ್ಣ ಎಣಿಕೆ, ಥೈರಾಯ್ಡ್‌ಗೆ ಟಿಎಸ್‌ಎಚ್, ಗರ್ಭಕೋಶದ ಸ್ಕ್ಯಾನಿಂಗ್, ನಿಮ್ಮಂಥವರಿಗೆ ಕನಿಷ್ಠ ಇಷ್ಟು ಆಗಿರಬೇಕು. ಸಾಧ್ಯವಾದರೆ ಫೆರಿಟಿನ್ ಕೂಡ ಮಾಡಿಸಿ, ಮೈಯಲ್ಲಿ ಕಬ್ಬಿಣದ ದಾಸ್ತಾನು ಎಷ್ಟಿದೆ ಎಂದು ಅದು ಹೇಳುತ್ತದೆ. ಮೈನೆರೆದಾಗಿನಿಂದಲೂ ಹೀಗೆಯೇ ಇದ್ದು, ಹಲ್ಲು ಕೀಳಿಸಿದಾಗಲೋ ಹೆರಿಗೆಯಲ್ಲೋ ರಕ್ತ ನಿಲ್ಲದೆ ತೊಂದರೆಯಾಗಿದ್ದರೆ ತಪ್ಪದೆ ಹೇಳಿ. ರಕ್ತ ಹೆಪ್ಪುಗಟ್ಟುವುದರಲ್ಲೇ ದೋಷವಿರಬಹುದು. ಗರ್ಭಕೋಶದ ಒಳಭಾಗದಲ್ಲಿ ಫೈಬ್ರಾಯ್ಡ್ ಗಡ್ಡೆ ಇದ್ದರೆ ಬರೀ ಮಾತ್ರೆ ಸಾಲದೆ ಹೋಗಬಹುದು.

ಈಗ ಮಾತ್ರೆಗೆ ಬರೋಣ. ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಸಿಗುವ ಮಾಲಾ-ಎನ್ ಸ್ಟ್ರಿಪ್‌ನಲ್ಲಿ 28 ಮಾತ್ರೆ ಇರುತ್ತವೆ. ಅದರಲ್ಲಿ 21 ಹಾರ್ಮೋನ್ ಮಾತ್ರೆ (ಒಂದೊಂದರಲ್ಲೂ ಪ್ರೊಜೆಸ್ಟಿನ್ ಬಗೆಯ ಲೆವೊನಾರ್ಜೆಸ್ಟ್ರಲ್ 0.15 ಮಿಲಿಗ್ರಾಂ, ಈಸ್ಟ್ರೋಜನ್ ಬಗೆಯ ಎಥಿನೈಲ್ ಎಸ್ಟ್ರಡಯಾಲ್ 0.03 ಮಿಲಿಗ್ರಾಂ), ಉಳಿದ ಬಣ್ಣದ 7 ಬರೀ ಕಬ್ಬಿಣದ್ದು. ಮೆಡಿಕಲ್ ಶಾಪಿನಲ್ಲಿ ಸಿಗುವ ಹಲವು ಬ್ರ್ಯಾಂಡ್‌ಗಳಲ್ಲಿ 21 ಮಾತ್ರೆ ಮಾತ್ರ ಇದ್ದು ಆಮೇಲೆ 7 ದಿನ ಗ್ಯಾಪ್ ಬಿಡಲು ಹೇಳುತ್ತಾರೆ. ಆ ಏಳು ದಿನದಲ್ಲಿ ಬರುವುದು ನಿಜವಾದ ಮುಟ್ಟಲ್ಲ, ಹಾರ್ಮೋನ್ ನಿಂತದ್ದಕ್ಕೆ ಆಗುವ ಬ್ಲೀಡಿಂಗ್ ಅಷ್ಟೆ. ಮೈಗೆ ಅದರಿಂದ ಯಾವ ಲಾಭವೂ ಇಲ್ಲ. ಆದ್ದರಿಂದ ನಿಮ್ಮ ಪ್ರಶ್ನೆಗೆ ಉತ್ತರ: ಹೌದು, ಗ್ಯಾಪ್ ಇಲ್ಲದೆ ತೆಗೆದುಕೊಳ್ಳಬಹುದು.

ತೆಗೆದುಕೊಳ್ಳುವ ಕ್ರಮ ಹೀಗೆ. ಮುಟ್ಟಾದ 1ರಿಂದ 5ನೇ ದಿನದೊಳಗೆ ಶುರು ಮಾಡಿ, ಆಗ ಗರ್ಭ ತಡೆಯುವ ರಕ್ಷಣೆಯೂ ಕೂಡಲೇ ಸಿಗುತ್ತದೆ. ಬೇರೆ ದಿನ ಶುರು ಮಾಡಿದರೆ ಮೊದಲ 7 ದಿನ ಕಾಂಡೋಮ್ ಬೇಕು. ದಿನಾ ಒಂದೇ ಹೊತ್ತಿಗೆ, ರಾತ್ರಿ ಊಟವಾದ ಮೇಲೆ ನುಂಗುವುದು ಒಳ್ಳೆಯದು, ವಾಕರಿಕೆ ಕಡಿಮೆ. 21 ಹಾರ್ಮೋನ್ ಮಾತ್ರೆ ಮುಗಿದ ಮಾರನೇ ದಿನವೇ ಬಣ್ಣದ ಮಾತ್ರೆ ಬಿಟ್ಟು ಹೊಸ ಸ್ಟ್ರಿಪ್ ತೆರೆಯಿರಿ. ಹೀಗೆ ಮೂರು ಸ್ಟ್ರಿಪ್, ಅಂದರೆ 63 ದಿನ. ಆಮೇಲೆ 4 ದಿನ ನಿಲ್ಲಿಸಿ, ಬ್ಲೀಡಿಂಗ್ ನಡೆಯುತ್ತಿದ್ದರೂ 5ನೇ ದಿನ ಮತ್ತೆ ಶುರು ಮಾಡಿ. ವರ್ಷಕ್ಕೆ 12–13 ಮುಟ್ಟಿನ ಬದಲು ಐದೋ ಆರೋ ಆಗುತ್ತವೆ, ಅವೂ ಹಗುರ. ಗ್ಯಾಪ್ ಯಾವತ್ತೂ 7 ದಿನ ದಾಟಬಾರದು, ದಾಟಿದರೆ ಅಂಡಾಶಯ ಎಚ್ಚರಗೊಂಡು ಗರ್ಭ ನಿಲ್ಲಬಹುದು.

ಬಹಳ ಜನ ಸೋಲುವುದು ಮೊದಲ ಮೂರು ತಿಂಗಳಲ್ಲಿ. ನಡುನಡುವೆ ಕಂದು ಬಣ್ಣದ ಕಲೆ, ಸ್ವಲ್ಪ ಸ್ವಲ್ಪ ಬ್ಲೀಡಿಂಗ್ (ಸ್ಪಾಟಿಂಗ್) ಕಾಣುತ್ತದೆ. “ಮುಟ್ಟು ಕಡಿಮೆ ಮಾಡಿಕೊಳ್ಳಲು ಹೋಗಿ ದಿನಾ ಪ್ಯಾಡ್ ಇಟ್ಟುಕೊಳ್ಳುವಂತಾಯಿತು” ಎಂದು ಬಿಟ್ಟುಬಿಡುತ್ತಾರೆ. ಒಳಪದರ ತೆಳುವಾಗುವಾಗ ಅದರ ಸಣ್ಣ ರಕ್ತನಾಳಗಳು ಒಡೆಯುವುದೇ ಇದಕ್ಕೆ ಕಾರಣ. ಮಾತ್ರೆ ಕೆಲಸ ಮಾಡುತ್ತಿಲ್ಲ ಎಂದಲ್ಲ. ತಿಂಗಳು ಕಳೆದಂತೆ ಇದು ಇಳಿಯುತ್ತದೆ. ಸ್ಪಾಟಿಂಗ್ ಮೂರ್ನಾಲ್ಕು ದಿನ ಬಿಡದೆ ಕಾಡಿದರೆ, ಅದಕ್ಕೆ ಮೊದಲು ಕನಿಷ್ಠ 21 ದಿನ ಸತತವಾಗಿ ಹಾರ್ಮೋನ್ ಮಾತ್ರೆ ನುಂಗಿದ್ದರೆ, 4 ದಿನ ನಿಲ್ಲಿಸಿ ಮತ್ತೆ ಶುರು ಮಾಡಿ. ತಿಂಗಳಲ್ಲಿ ಎರಡು ಸಲ ಹೀಗೆ ಮಾಡಬೇಡಿ.

ಒಂದು ಮಾತ್ರೆ ಮರೆತರೆ ನೆನಪಾದ ಕೂಡಲೇ ನುಂಗಿ, ಅವತ್ತಿನದನ್ನು ಎಂದಿನ ಹೊತ್ತಿಗೆ ತೆಗೆದುಕೊಳ್ಳಿ, ಒಂದೇ ದಿನ ಎರಡಾದರೂ ಪರವಾಗಿಲ್ಲ. ಎರಡು ಅಥವಾ ಹೆಚ್ಚು ಮರೆತಿದ್ದರೆ ಕೊನೆಯದಾಗಿ ಬಿಟ್ಟುಹೋದ ಒಂದನ್ನು ಮಾತ್ರ ನುಂಗಿ ಮುಂದುವರಿಸಿ, 7 ದಿನ ಕಾಂಡೋಮ್ ಬಳಸಿ. ನುಂಗಿದ ಮೂರು ಗಂಟೆಯೊಳಗೆ ವಾಂತಿಯಾದರೆ ಇನ್ನೊಂದು ತೆಗೆದುಕೊಳ್ಳಿ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್, ಫಿಟ್ಸ್‌ಗೆ ಕೊಡುವ ಫೆನಿಟಾಯಿನ್, ಕಾರ್ಬಮಜೆಪಿನ್ ಈ ಮಾತ್ರೆಯ ಬಲವನ್ನೇ ಕುಗ್ಗಿಸುತ್ತವೆ, ಅಂಥವರಿಗೆ ಬೇರೆ ವಿಧಾನ ಬೇಕು.

ಈ ಮಾತ್ರೆ ಎಲ್ಲರಿಗೂ ಅಲ್ಲ ಎನ್ನುವುದನ್ನು ಒತ್ತಿ ಹೇಳಬೇಕು. ಇದರಲ್ಲಿರುವ ಈಸ್ಟ್ರೋಜನ್ ರಕ್ತ ಹೆಪ್ಪುಗಟ್ಟುವ ಅಪಾಯವನ್ನು ಸ್ವಲ್ಪ ಹೆಚ್ಚಿಸುತ್ತದೆ. ಮಾತ್ರೆ ತೆಗೆದುಕೊಳ್ಳದ 10,000 ಹೆಂಗಸರಲ್ಲಿ ವರ್ಷಕ್ಕೆ ಸುಮಾರು 2 ಮಂದಿಗೆ ಹಾಗಾದರೆ, ಲೆವೊನಾರ್ಜೆಸ್ಟ್ರಲ್ ಇರುವ ಮಾತ್ರೆಯವರಲ್ಲಿ 5ರಿಂದ 7, ಹೊಸ ಬಗೆಯ ಡೆಸೊಜೆಸ್ಟ್ರಲ್ ಅಥವಾ ಡ್ರೊಸ್ಪಿರೆನೋನ್ ಇರುವುದರಲ್ಲಿ 9ರಿಂದ 12. ಅಗ್ಗದ ಹಳೆಯ ಮಾತ್ರೆಯೇ ಈ ವಿಷಯದಲ್ಲಿ ಮೇಲು, ದುಬಾರಿಯದು ಒಳ್ಳೆಯದು ಎಂದುಕೊಳ್ಳಬೇಡಿ. ಕಣ್ಣ ಮುಂದೆ ಮಿಂಚಿನ ಗೆರೆ ಕಂಡು ಆಮೇಲೆ ತಲೆ ಸಿಡಿಯುವ ಬಗೆಯ ಮೈಗ್ರೇನ್, ಬಿಪಿ 140/90 ಅಥವಾ ಹೆಚ್ಚು, ಹಿಂದೆ ಕಾಲಿನಲ್ಲೋ ಶ್ವಾಸಕೋಶದಲ್ಲೋ ರಕ್ತ ಹೆಪ್ಪುಗಟ್ಟಿದ್ದು, ಸ್ತನ ಕ್ಯಾನ್ಸರ್, ತೀವ್ರ ಲಿವರ್ ಕಾಯಿಲೆ, 35 ದಾಟಿ ಧೂಮಪಾನ, ಮಗುವಿಗೆ ಆರು ತಿಂಗಳಾಗುವ ಮೊದಲು ಹಾಲೂಡಿಸುತ್ತಿರುವುದು, ಇವುಗಳಲ್ಲಿ ಯಾವುದಿದ್ದರೂ ಈ ಮಾತ್ರೆ ಬೇಡ. ಬಿಪಿ ನೋಡದೆ ಬರೆದುಕೊಟ್ಟಿದ್ದರೆ ಹೋಗಿ ನೋಡಿಸಿಕೊಂಡು ಬನ್ನಿ. ಶುರು ಮಾಡಿದ ಮೇಲೆ ಒಂದೇ ಕಾಲಿನ ಮೀನಖಂಡ ಊದಿ ನೋಯುವುದು, ಎದೆನೋವು, ದಿಢೀರ್ ಏದುಸಿರು, ಹಿಂದೆಂದೂ ಕಾಣದ ತಲೆನೋವು, ಕಣ್ಣು ಮಂಜಾಗುವುದು ಇವುಗಳಲ್ಲಿ ಒಂದು ಕಂಡರೂ ಮಾತ್ರೆ ನಿಲ್ಲಿಸಿ ಅವತ್ತೇ ಆಸ್ಪತ್ರೆಗೆ ಹೋಗಿ.

ಸದ್ಯಕ್ಕೆ ಎರಡನೇ ಮಗು ಬೇಡ ಎನ್ನುವುದಾದರೆ, ನನ್ನ ಅಭಿಪ್ರಾಯದಲ್ಲಿ ನಿಮಗೆ ಮಾತ್ರೆಗಿಂತ ಹೊಂದುವುದು ಹಾರ್ಮೋನ್ ಐಯುಡಿ, ಅಂದರೆ ಮೇಲೆ ಹೇಳಿದ, ಗರ್ಭಕೋಶದೊಳಗೆ ಇಡುವ ಹಾರ್ಮೋನ್ ಸಾಧನ. ಮಿರೆನಾ, ಎಮಿಲಿ ಎಂಬ ಹೆಸರುಗಳಲ್ಲಿ ಸಿಗುತ್ತದೆ. ಅದರೊಳಗಿನ 52 ಮಿಲಿಗ್ರಾಂ ಲೆವೊನಾರ್ಜೆಸ್ಟ್ರಲ್ ಮೊದಲಲ್ಲಿ ದಿನಕ್ಕೆ ಸುಮಾರು 20 ಮೈಕ್ರೊಗ್ರಾಂನಂತೆ ಗರ್ಭಕೋಶದೊಳಗೇ ಒಸರುತ್ತದೆ. ಈಸ್ಟ್ರೋಜನ್ ಇಲ್ಲ, ದಿನಾ ನೆನಪಿಡುವ ಗೋಜಿಲ್ಲ. ಬ್ಲೀಡಿಂಗ್ ತಗ್ಗಿಸುವುದರಲ್ಲಿ ಯಾವ ಮಾತ್ರೆಯೂ ಇದಕ್ಕೆ ಸಮವಲ್ಲ. ವರ್ಷದೊಳಗೆ ಸುಮಾರು ಐವರಲ್ಲಿ ಒಬ್ಬರಿಗೆ ಮುಟ್ಟೇ ನಿಲ್ಲುತ್ತದೆ, ಉಳಿದವರಲ್ಲಿ ಹೆಚ್ಚಿನವರಿಗೆ ಕಲೆಯಷ್ಟೇ. ಭಾರೀ ಬ್ಲೀಡಿಂಗ್‌ಗೆಂದು ಹಾಕಿದರೆ ಐದು ವರ್ಷ ಇಡಬಹುದು. ಖರ್ಚು ಒಂದೇ ಸಲಕ್ಕೆ ಕೆಲವು ಸಾವಿರ ಬೀಳುತ್ತದೆ, ಅದೇ ಇದರ ದೊಡ್ಡ ಅಡ್ಡಿ. ಮುಟ್ಟಿನ ಮೊದಲ 7 ದಿನದೊಳಗೆ ಹಾಕುತ್ತಾರೆ, ಕೆಲವೇ ನಿಮಿಷದ ಕೆಲಸ, ಹೊಟ್ಟೆ ಹಿಂಡಿದಂತೆ ನೋಯುತ್ತದೆ. ಮೂರರಿಂದ ಆರು ತಿಂಗಳು ಹೊತ್ತುಗೊತ್ತಿಲ್ಲದೆ ಸ್ಪಾಟಿಂಗ್ ಇರುತ್ತದೆ, ಅದಕ್ಕೆ ತಯಾರಾಗಿಯೇ ಹಾಕಿಸಿಕೊಳ್ಳಿ. ಸುಮಾರು 20ರಲ್ಲಿ ಒಬ್ಬರಿಗೆ ಅದು ಜಾರಿ ಹೊರಬರುತ್ತದೆ, ಬ್ಲೀಡಿಂಗ್ ಜೋರಿದ್ದವರಲ್ಲಿ ಇನ್ನೂ ಹೆಚ್ಚು. ತಿಂಗಳಿಗೊಮ್ಮೆ ಯೋನಿಯೊಳಗೆ ಬೆರಳಿಗೆ ಸಿಗುವ ಆ ಸಾಧನದ ದಾರ ತಡವಿ ನೋಡಿಕೊಳ್ಳಿ. ದಾರ ಸಿಗದಿದ್ದರೆ ಸ್ಕ್ಯಾನಿಂಗ್ ಆಗುವವರೆಗೆ ಕಾಂಡೋಮ್ ಬಳಸಿ.

ಗರ್ಭ ತಡೆಯುವ ಅಂತರಾ ಚುಚ್ಚುಮದ್ದು ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ, ಮೂರು ತಿಂಗಳಿಗೊಮ್ಮೆ. ವರ್ಷವಾಗುವಷ್ಟರಲ್ಲಿ ಸುಮಾರು ಅರ್ಧದಷ್ಟು ಹೆಂಗಸರಿಗೆ ಮುಟ್ಟು ನಿಲ್ಲುತ್ತದೆ. ಚುಚ್ಚಿದ ಜಾಗ ಉಜ್ಜಬಾರದು, ಬಿಸಿ ಶಾಖ ಕೊಡಬಾರದು, ಕೊಟ್ಟರೆ ಔಷಧಿ ಬೇಗ ಕರಗಿಹೋಗುತ್ತದೆ. ತೂಕ ಏರಬಹುದು. ಕೊನೆಯ ಚುಚ್ಚುಮದ್ದಿನ ನಂತರ ಗರ್ಭ ನಿಲ್ಲಲು 7–10 ತಿಂಗಳು ಹಿಡಿಯುವುದುಂಟು, ಬೇಗ ಮಗು ಬೇಕೆನ್ನುವವರಿಗೆ ಹೇಳಿ ಮಾಡಿಸಿದ್ದಲ್ಲ. ಒಮ್ಮೆ ಚುಚ್ಚಿಸಿಕೊಂಡ ಮೇಲೆ ಅಡ್ಡಪರಿಣಾಮವಾದರೂ ಹಿಂದಕ್ಕೆ ತೆಗೆಯಲಾಗುವುದಿಲ್ಲ ಎನ್ನುವುದನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಿ.

ಛಾಯಾ ಎಂಬ ಗರ್ಭನಿರೋಧಕ ಮಾತ್ರೆ ನಮ್ಮ ದೇಶದ್ದೇ, ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆ ಕಂಡುಹಿಡಿದ ಸೆಂಟ್‌ಕ್ರೋಮನ್. 30 ಮಿಲಿಗ್ರಾಂನ ಮಾತ್ರೆ, ಮೊದಲ ಮೂರು ತಿಂಗಳು ವಾರಕ್ಕೆ ಎರಡು, ಆಮೇಲೆ ವಾರಕ್ಕೊಂದು. ಈಸ್ಟ್ರೋಜನ್ ಇಲ್ಲ, ಮುಟ್ಟು ಹಗುರವಾಗುತ್ತದೆ, ಆದರೆ ದಿನಾಂಕ ತಪ್ಪಿ ತಡವಾಗುತ್ತದೆ. 15 ದಿನಕ್ಕಿಂತ ತಡವಾದರೆ ಗರ್ಭಧಾರಣೆ ಪರೀಕ್ಷೆ ಮಾಡಿಕೊಳ್ಳಿ. ಪಿಸಿಒಎಸ್ ಅಥವಾ ಕಾಮಾಲೆ ಇದ್ದವರಿಗೆ ಕೊಡುವುದಿಲ್ಲ.

ಹಬ್ಬ, ಮದುವೆ, ತಿರುಪತಿ ಪ್ರಯಾಣ ಎಂದು ಮುಟ್ಟು ಮುಂದೂಡಲು ಮೆಡಿಕಲ್ ಶಾಪಿನಲ್ಲಿ ಕೇಳಿ ತರುವ ನೊರೆಥಿಸ್ಟೆರೋನ್ 5 ಮಿಲಿಗ್ರಾಂ (ದಿನಕ್ಕೆ ಮೂರು, ಮುಟ್ಟಿಗೆ ಮೂರು ದಿನ ಮೊದಲಿನಿಂದ) ಬೇರೆಯೇ ಔಷಧಿ. ಹೀಗೆ ತೆಗೆದುಕೊಂಡರೆ ಅದು ಗರ್ಭನಿರೋಧಕವಲ್ಲ. ಈ ಪ್ರಮಾಣದಲ್ಲಿ ಅದರ ಒಂದು ಪಾಲು ಮೈಯೊಳಗೆ ಈಸ್ಟ್ರೋಜನ್ ಆಗಿ ಬದಲಾಗುತ್ತದೆ, ಆದ್ದರಿಂದ ರಕ್ತ ಹೆಪ್ಪುಗಟ್ಟಿದ ಹಿನ್ನೆಲೆ ಇರುವವರು ಡಾಕ್ಟರನ್ನು ಕೇಳದೆ ಮುಟ್ಟಬಾರದು. ಮಾಲಾ-ಎನ್ ಮೇಲೆ ಇರುವವರಿಗೆ ಇದು ಬೇಕಾಗುವುದೇ ಇಲ್ಲ, ಹೊಸ ಸ್ಟ್ರಿಪ್ ತೆರೆದರೆ ಸಾಕು. ಐ-ಪಿಲ್‌ನಂಥ ತುರ್ತು ಮಾತ್ರೆಯನ್ನಂತೂ ಈ ಕೆಲಸಕ್ಕೆ ಬಳಸಲೇಬೇಡಿ, ಮುಟ್ಟು ಇನ್ನಷ್ಟು ಅಡ್ಡಾದಿಡ್ಡಿಯಾಗುತ್ತದೆ.

ಹಾರ್ಮೋನೇ ಬೇಡ ಎನಿಸಿದರೆ ಟ್ರಾನೆಕ್ಸಾಮಿಕ್ ಆಸಿಡ್ ಇದೆ, 500 ಮಿಲಿಗ್ರಾಂನ ಎರಡು ಮಾತ್ರೆ ದಿನಕ್ಕೆ ಮೂರು ಹೊತ್ತು, ಬ್ಲೀಡಿಂಗ್ ಜೋರಿರುವ ದಿನಗಳಲ್ಲಿ ಮಾತ್ರ, ಹೆಚ್ಚೆಂದರೆ ನಾಲ್ಕು ದಿನ, ಅದೂ ಡಾಕ್ಟರ ಚೀಟಿಯ ಮೇಲೆ. ಗರ್ಭನಿರೋಧಕ ಮಾತ್ರೆಯ ಜೊತೆ ಅದನ್ನು ನೀವಾಗಿಯೇ ಸೇರಿಸಬೇಡಿ, ಎರಡೂ ಹೆಪ್ಪುಗಟ್ಟುವ ದಿಕ್ಕಿಗೇ ಎಳೆಯುತ್ತವೆ.

ಯಾರಾದರೂ “ಗರ್ಭಕೋಶ ತೆಗೆಸಿಬಿಡಿ, ತೊಂದರೆಯೇ ಇರಲ್ಲ” ಎಂದರೆ ಇನ್ನೊಬ್ಬ ಡಾಕ್ಟರನ್ನು ಕಾಣದೆ ಒಪ್ಪಬೇಡಿ. ನಮ್ಮ ಕಲಬುರಗಿ, ಹಾವೇರಿ ಜಿಲ್ಲೆಗಳಲ್ಲೇ ಬಡ ಹೆಣ್ಣುಮಕ್ಕಳ ಗರ್ಭಕೋಶವನ್ನು ಕಾರಣವಿಲ್ಲದೆ ತೆಗೆದ ದೂರುಗಳು ಎದ್ದು ತನಿಖೆಯವರೆಗೆ ಹೋಗಿದ್ದವು. 31ರ ವಯಸ್ಸಿಗೆ, ಮೇಲಿನ ಯಾವುದನ್ನೂ ಪ್ರಯತ್ನಿಸದೆ, ಆ ಮಾತು ಬರಲೇಬಾರದು.

ಕೊನೆಗೆ ಕಬ್ಬಿಣ. ಬ್ಲೀಡಿಂಗ್ ತಗ್ಗಿದರೂ ಹೋದ ರಕ್ತ ತಾನಾಗಿ ಬೇಗ ತುಂಬುವುದಿಲ್ಲ. ಬಣ್ಣದ ಮಾತ್ರೆ ಬಿಡುವುದರಿಂದ ಆ ಕಬ್ಬಿಣವೂ ತಪ್ಪುತ್ತದೆ, ಬೇರೆ ಕಬ್ಬಿಣದ ಮಾತ್ರೆ ಕೇಳಿ ಪಡೆಯಿರಿ. ನಿಂಬೆ ಪಾನಕದ ಜೊತೆ ನುಂಗಿ. ಕಾಫಿ, ಟೀ, ಹಾಲು, ಕ್ಯಾಲ್ಸಿಯಂ ಮಾತ್ರೆಗಳಿಂದ ಎರಡು ಗಂಟೆ ದೂರವಿಡಿ. ಮಲ ಕಪ್ಪಾಗುವುದು ಸಹಜ. ಹಿಮೋಗ್ಲೋಬಿನ್ 12 ಮುಟ್ಟಿದ ಮೇಲೂ ಮೂರು ತಿಂಗಳು ಮುಂದುವರಿಸಿ. ಅಷ್ಟರಲ್ಲಿ ಯಾವಾಗಲಾದರೂ ಗಂಟೆಗೊಂದು ಪ್ಯಾಡ್‌ನಂತೆ ಎರಡು ಗಂಟೆಗೂ ಮೀರಿ ನೆನೆದರೆ, ಅಥವಾ ಎದ್ದು ನಿಂತರೆ ಕಣ್ಣು ಕತ್ತಲಿಟ್ಟರೆ, ಬೆಳಗಾಗಲಿ ಎಂದು ಕಾಯದೆ 108ಕ್ಕೆ ಫೋನ್ ಮಾಡಿ.