ಚಿತ್ರಕಲೆ ಪ್ರಶ್ನೋತ್ತರ: ಅಂಗೈಯಗಲದ ಆಕಾಶ

ಪ್ರಶ್ನೆ: ಲಂಡನ್ನಿನಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ಅಲ್ಲಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿ ಜಾನ್ ಕಾನ್‌ಸ್ಟೆಬಲ್ ಎಂಬ ಚಿತ್ರಕಾರನ ಪುಟ್ಟ ತೈಲಚಿತ್ರಗಳನ್ನು ನೋಡಿದೆ. ಒಂದರಲ್ಲಿ ಬರೀ ಮೋಡ. ನೆಲವಿಲ್ಲ, ಮನೆಯಿಲ್ಲ, ಮನುಷ್ಯರಿಲ್ಲ. ಇದು ಪೂರ್ಣಗೊಂಡ ಚಿತ್ರವೇ ಅಥವಾ ದೊಡ್ಡ ಚಿತ್ರಕ್ಕಾಗಿ ಮಾಡಿಕೊಂಡ ತಯಾರಿಯೇ? ತಯಾರಿಯಾದರೆ ಅದಕ್ಕೆ ಇಷ್ಟು ಗೌರವವೇಕೆ? (ಓದುಗರು, ಧಾರವಾಡ)

ಉತ್ತರ: ಧಾರವಾಡದಿಂದ ಬಂದ ಪ್ರಶ್ನೆಯಾದ್ದರಿಂದ ಸಂಗೀತದ ಮಾತಿನಲ್ಲೇ ಹೇಳುತ್ತೇನೆ. ಇದು ರಿಯಾಜ್, ಅಂದರೆ ಗಾಯಕರ ದಿನನಿತ್ಯದ ಅಭ್ಯಾಸ. ನಾಳಿನ ಕಚೇರಿಯಲ್ಲಿ ಹಾಡಬೇಕಾದ ಬಂದಿಶ್ ಅನ್ನು ಇಂದು ಒಮ್ಮೆ ಹಾಡಿನೋಡುವುದು ಬೇರೆ. ಬೆಳಗಿನ ಜಾವ ತಂಬೂರಿ ಮಿಡಿಯುತ್ತ ಒಂದೇ ಸ್ವರದ ಮೇಲೆ ನಿಲ್ಲುವುದು ಬೇರೆ. ಕಾನ್‌ಸ್ಟೆಬಲ್‌ನ ಮೋಡದ ಅಭ್ಯಾಸಚಿತ್ರಗಳು ಎರಡನೆಯ ಬಗೆಯವು. ಅವುಗಳಲ್ಲಿ ಯಾವುದೋ ಒಂದನ್ನು ತೆಗೆದು ಹಾಗೆಯೇ ದೊಡ್ಡ ಚಿತ್ರಕ್ಕೆ ಇಳಿಸಿದ್ದಾನೆ ಎಂದು ತೋರಿಸಬಹುದಾದ ಉದಾಹರಣೆಗಳು ತೀರ ಕಡಿಮೆ.

ಈತ 1776ರಲ್ಲಿ ಇಂಗ್ಲೆಂಡಿನ ಸಫೋಕ್ ಪ್ರಾಂತದ ಈಸ್ಟ್ ಬರ್ಗೋಲ್ಟ್ ಎಂಬ ಹಳ್ಳಿಯಲ್ಲಿ ಹುಟ್ಟಿದ. ತಂದೆ ಗಿರಣಿಗಳ ಮಾಲೀಕ. ಚಿತ್ರಕಲೆಗೆ ಹೊರಡುವ ಮೊದಲು ಹುಡುಗ ಸುಮಾರು ಒಂದು ವರ್ಷ ತಂದೆಯ ಗಾಳಿಗಿರಣಿಯಲ್ಲಿ ದುಡಿದ. ಮುಂಗಾರಿನ ಮೋಡ ನೋಡಿ ಬಿತ್ತನೆಗೆ ಇಳಿಯುವ ನಮ್ಮ ರೈತನಿಗೆ ಆಕಾಶ ಹೇಗೋ ಗಾಳಿಗಿರಣಿ ನಡೆಸುವವನಿಗೂ ಹಾಗೆಯೇ. ಗಾಳಿ ಯಾವ ಕಡೆಯಿಂದ ಬರುತ್ತಿದೆ, ಎಷ್ಟು ಬಿರುಸಾಗಲಿದೆ ಎಂಬುದನ್ನು ತಿಳಿಯದೆ ಅವನ ಹೊಟ್ಟೆಪಾಡು ನಡೆಯದು. ಹೊಟ್ಟೆಪಾಡಿಗಾಗಿ ಕಲಿತ ಆ ನೋಟವನ್ನು ಅವನು ಮುಂದೆ ಕುಂಚ ಹಿಡಿದಾಗಲೂ ಬಿಡಲಿಲ್ಲ ಎಂದು ನನಗೆ ಅನಿಸುತ್ತದೆ.

ಕ್ಷಯದಿಂದ ನರಳುತ್ತಿದ್ದ ಹೆಂಡತಿ ಮರಿಯಾಳಿಗೆ ಲಂಡನ್ನಿನ ಹೊಗೆ ತಪ್ಪಿ ಒಳ್ಳೆಯ ಗಾಳಿ ಸಿಗಲೆಂದು 1819ರಿಂದ ಅವನು ಊರಿನ ಉತ್ತರಕ್ಕಿರುವ ಎತ್ತರದ ಹ್ಯಾಂಪ್‌ಸ್ಟೆಡ್‌ನಲ್ಲಿ ಬೇಸಿಗೆಗೆ ಬಾಡಿಗೆ ಮನೆ ಹಿಡಿಯತೊಡಗಿದ. 1821 ಮತ್ತು 1822ರಲ್ಲಿ ಅಲ್ಲಿನ ಬಯಲಿನಲ್ಲಿ ಕುಳಿತು ಬಣ್ಣದ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟು, ಅದರ ಮುಚ್ಚಳದ ಒಳಮೈಗೆ ಕಾಗದವನ್ನು ಪಿನ್ನಿನಿಂದ ಚುಚ್ಚಿ ನಿಲ್ಲಿಸಿಕೊಂಡು, ಆಕಾಶವನ್ನು ಮತ್ತೆ ಮತ್ತೆ ಬರೆದ. 1822ರ ಅಕ್ಟೋಬರಿನಲ್ಲಿ ಗೆಳೆಯ ಜಾನ್ ಫಿಶರ್‌ಗೆ ಬರೆದ ಪತ್ರದಲ್ಲಿ ಆಕಾಶದ ಸುಮಾರು 50 ಎಚ್ಚರಿಕೆಯ ಅಭ್ಯಾಸಗಳನ್ನು ಮಾಡಿದ್ದೇನೆ ಎನ್ನುತ್ತಾನೆ. ಹಿಂದಿನ ವರ್ಷದ ಪತ್ರದಲ್ಲಿ, ಆಕಾಶವನ್ನು ವಸ್ತುಗಳ ಹಿಂದೆ ಹರಡಿದ ಬಿಳಿಯ ಬಟ್ಟೆಯೆಂದು ಭಾವಿಸಿಕೋ ಎಂದು ತನಗೆ ಬುದ್ಧಿ ಹೇಳಿದವರನ್ನು ನೆನೆದು, ಅದನ್ನು ಒಪ್ಪದೆ, ಚಿತ್ರದ ಭಾವವನ್ನು ಹೊರುವ ಮುಖ್ಯ ಅಂಗವೇ ಆಕಾಶ ಎಂದು ವಾದಿಸಿದ್ದ.

ನೀವು ಮತ್ತೊಮ್ಮೆ ಲಂಡನ್ನಿಗೆ ಹೋದರೆ ಅಲ್ಲಿನ ರಾಯಲ್ ಅಕಾಡೆಮಿಯ ಸಂಗ್ರಹದಲ್ಲಿರುವ ಒಂದು ಚಿತ್ರದ ಬಗ್ಗೆ ವಿಚಾರಿಸಿ. ಸುಮಾರು 24 ಸೆಂಟಿಮೀಟರ್ ಎತ್ತರ, 30 ಸೆಂಟಿಮೀಟರ್ ಅಗಲ. ಬಲಗಡೆ ಒಂದು ಮರದ ತಲೆ, ಉಳಿದುದೆಲ್ಲ ಮೋಡ. ಅದಕ್ಕೆ ಕಾನ್‌ಸ್ಟೆಬಲ್ ಬರೆದಿಟ್ಟ ಟಿಪ್ಪಣಿಯನ್ನು ಕನ್ನಡದಲ್ಲಿ ಹೇಳುವುದಾದರೆ ಹೀಗಿದೆ: 1821ರ ಸೆಪ್ಟೆಂಬರ್ 11, ಬೆಳಗ್ಗೆ 10ರಿಂದ 11 ಗಂಟೆ, ಸೂರ್ಯನ ಕೆಳಗೆ, ಬೆಚ್ಚಗಿನ ಹಿನ್ನೆಲೆಯ ಮೇಲೆ ಬೆಳ್ಳಿಬೂದು ಮೋಡಗಳು, ಸೆಕೆ, ನೈಋತ್ಯದ ಕಡೆಗೆ ಹಗುರ ಗಾಳಿ, ದಿನವಿಡೀ ಒಳ್ಳೆಯ ಹವೆ, ಆದರೆ ಆ ರಾತ್ರಿ ಮಳೆ. ಕೊನೆಯ ಎರಡು ಮಾತುಗಳನ್ನು ಗಮನಿಸಿ. ಬೆಳಗಿನ 11 ಗಂಟೆಗೆ ಚಿತ್ರ ಮುಗಿದಿದೆ. ರಾತ್ರಿ ಮಳೆ ಬಂದ ಮೇಲೆ ಅವನು ಮತ್ತೆ ಅದರ ಬಳಿಗೆ ಬಂದು, ತಾನು ಕಂಡ ಮೋಡ ಕೊನೆಗೆ ಏನಾಯಿತು ಎಂಬುದನ್ನು ದಾಖಲಿಸಿದ್ದಾನೆ. ಈ ಒಂದು ಸಾಲಿಗಾಗಿ ನಾನು ಅವನ ದೊಡ್ಡ ಚಿತ್ರಗಳಲ್ಲಿ ಹಲವನ್ನು ಬಿಟ್ಟುಕೊಡಲು ಸಿದ್ಧ. ಮೋಡಗಳಿಗೆ ಇಂದು ನಾವು ಬಳಸುವ ಹೆಸರುಗಳನ್ನು ಲ್ಯೂಕ್ ಹೊವಾರ್ಡ್ ಎಂಬ ಔಷಧ ತಯಾರಕ ಸೂಚಿಸಿದ್ದು 1802ರಲ್ಲಿ. ಆ ವಿಂಗಡಣೆಯನ್ನು ಚರ್ಚಿಸಿದ ಥಾಮಸ್ ಫಾರ್ಸ್ಟರ್‌ನ ಹವಾಮಾನ ಗ್ರಂಥವನ್ನು ಕಾನ್‌ಸ್ಟೆಬಲ್ ಓದಿ ಅಂಚಿನಲ್ಲಿ ಟಿಪ್ಪಣಿ ಮಾಡಿದ್ದ. ಚಿತ್ರಕಲೆಯೂ ಪ್ರಕೃತಿಯ ನಿಯಮಗಳ ಶೋಧನೆಯೇ ಎಂದು ನಂಬಿದ್ದವನಿಗೆ ಇದು ಸಹಜ.

ಗೌರವವೇಕೆ ಎಂದು ಕೇಳಿದ್ದೀರಿ. ಇಂಥ ಚಿತ್ರವನ್ನು ಒಂದು ಗೇಣು ದೂರದಿಂದ ನೋಡಿದರೆ ಕೆಳಗಿನ ಕಂದು ಲೇಪ ಅಲ್ಲಲ್ಲಿ ಇಣುಕುವುದು, ಹಸಿ ಬೂದು ಬಣ್ಣದೊಳಕ್ಕೆ ಹಸಿ ಬಿಳಿಯನ್ನು ಎಳೆದ ಕುಂಚದ ಗೀರು, ಕೆಲವು ಕಾಗದಗಳ ಮೂಲೆಯಲ್ಲಿ ಪಿನ್ನು ಚುಚ್ಚಿದ ತೂತು, ಇವೆಲ್ಲ ಕಾಣುತ್ತವೆ. ಒಬ್ಬ ಮನುಷ್ಯ ಒಂದು ಗಂಟೆ ಕಾಲ ಕಣ್ಣು ಕದಲಿಸದೆ ನೋಡಿದ್ದಕ್ಕೆ ಇವು ಸಾಕ್ಷಿ. ಕಾನ್‌ಸ್ಟೆಬಲ್ ಮಾತ್ರ ಈ ಚಿತ್ರಗಳನ್ನು ಮಾರಾಟಕ್ಕಿಡಲಿಲ್ಲ, ಮನೆಯಲ್ಲೇ ಇಟ್ಟುಕೊಂಡಿದ್ದ. ಅವನು 1837ರಲ್ಲಿ ತೀರಿಕೊಂಡ ಮೇಲೆ ಮಕ್ಕಳ ಬಳಿ ಉಳಿದಿದ್ದವುಗಳಲ್ಲಿ ದೊಡ್ಡ ಭಾಗವನ್ನು ಮಗಳು ಇಸಾಬೆಲ್ 1888ರಲ್ಲಿ, ನೀವು ಭೇಟಿ ಕೊಟ್ಟ ಅದೇ ವಸ್ತುಸಂಗ್ರಹಾಲಯಕ್ಕೆ ದಾನವಾಗಿ ಕೊಟ್ಟಳು.

ಪ್ರಶ್ನೆ: ತೈಲವರ್ಣ ಕಲಿಯುತ್ತಿದ್ದೇನೆ. ಮನೆಯ ಮಹಡಿಯ ಮೇಲೆ ಕುಳಿತು ಮೋಡ ಬರೆಯಲು ಹೋದರೆ ಬಣ್ಣ ಬೆರೆಸುವಷ್ಟರಲ್ಲಿ ಮೋಡವೇ ಇರುವುದಿಲ್ಲ. ನಮ್ಮ ಕಡೆಯ ಮಳೆಗಾಲದಲ್ಲಿ ಚಿತ್ರ ಒಣಗುವುದೂ ಇಲ್ಲ. ಏನು ಮಾಡಲಿ? (ಓದುಗರು, ಸಾಗರ)

ಉತ್ತರ: ಮೋಡ ಓಡಿಹೋಗುವುದು ನಿಮ್ಮ ತಪ್ಪಲ್ಲ. ಫ್ರಾನ್ಸಿನ ಪಿಯೆರ್ ಆನ್ರಿ ದ ವಾಲೆನ್ಸಿಯೆನ್ ಎಂಬ ಚಿತ್ರಕಾರ 1800ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಹೊರಗೆ ಕುಳಿತು ಮಾಡುವ ಅಭ್ಯಾಸಚಿತ್ರಕ್ಕೆ ಎರಡು ಗಂಟೆಗಿಂತ ಹೆಚ್ಚು ಸಮಯ ಕೊಡಬಾರದು, ಸೂರ್ಯೋದಯ ಸೂರ್ಯಾಸ್ತಗಳಿಗೆ ಅರ್ಧ ಗಂಟೆ ಮೀರಬಾರದು ಎಂದು ಕಟ್ಟಳೆ ಹಾಕಿದ್ದ. ಅದಕ್ಕೂ ಮೀರಿದರೆ ಬೆಳಕು ಬೇರೆಯಾಗಿ, ಒಂದೇ ಕಾಗದದ ಮೇಲೆ ಎರಡು ಹೊತ್ತುಗಳು ಬೆರೆತು, ಚಿತ್ರ ಸುಳ್ಳಾಗುತ್ತದೆ.

ಕ್ಯಾನ್ವಾಸ್ ದೊಡ್ಡದಿದ್ದರೆ ಮೊದಲು ಅದನ್ನು ಬಿಡಿ. ನೋಟ್‌ಪುಸ್ತಕದ ಅರ್ಧ ಹಾಳೆಯಷ್ಟು ಅಳತೆ ಸಾಕು. ದಪ್ಪ ಕಾಗದವಾದರೆ ಎರಡು ಕೈ ಜೆಸ್ಸೋ (ಬಣ್ಣಕ್ಕೆ ಮೊದಲು ಹಚ್ಚುವ ಬಿಳಿಯ ತಳಲೇಪ) ಬಳಿಯಬೇಕು, ಇಲ್ಲದಿದ್ದರೆ ಎಣ್ಣೆ ನೇರವಾಗಿ ನಾರಿಗಿಳಿದು ವರ್ಷಗಳು ಕಳೆದಂತೆ ಕಾಗದ ಕಂದಿ ಪುಡಿಪುಡಿಯಾಗುತ್ತದೆ. ಹಿಂದಿನ ದಿನವೇ ಅದರ ಮೇಲೆ ತೆಳುವಾಗಿ ಮಣ್ಣುಗೆಂಪು ಬಣ್ಣ ಹಚ್ಚಿಡಿ. ಬಿಳಿಯ ಕಾಗದದ ಮೇಲೆ ಮೋಡದ ಬಿಳಿ ಕಾಣದು, ಬೆಚ್ಚಗಿನ ನೆಲದ ಮೇಲೆ ಮೊದಲ ಗೀರಿನಲ್ಲೇ ಕಾಣುತ್ತದೆ. ಇನ್ನು ಬಣ್ಣವನ್ನು ಮೋಡ ನೋಡುತ್ತ ಬೆರೆಸಲು ಹೋಗಬೇಡಿ. ಬರೆಯಲು ಕುಳಿತುಕೊಳ್ಳುವ ಮೊದಲೇ ಅಲ್ಟ್ರಾಮರೀನ್ ನೀಲಿ, ಬಿಳಿ, ಸ್ವಲ್ಪ ಬರ್ನ್ಟ್ ಸಿಯೆನ್ನಾ (ಕೆಂಗಂದು), ಸ್ವಲ್ಪ ಯೆಲ್ಲೊ ಓಕರ್ (ಮಣ್ಣುಹಳದಿ) ಸೇರಿಸಿ ನಾಲ್ಕೈದು ಗುಡ್ಡೆಗಳನ್ನು ಮಾಡಿಟ್ಟುಕೊಳ್ಳಿ: ನೆತ್ತಿಯ ನೀಲಿ, ದಿಗಂತದ ಮಾಸಲು ನೀಲಿ, ಮೋಡದ ಬೆಳಕು, ಮೋಡದ ನೆರಳು. ಹಿಂದಿನವರಿಗೆ ಹಂದಿಯ ಮೂತ್ರಕೋಶದ ಚೀಲದಿಂದ ಬಣ್ಣ ಹಿಂಡಿಕೊಳ್ಳುವ ಪಾಡಿತ್ತು. ಹಿಂಡಿ ಮುಚ್ಚುವ ತವರದ ಟ್ಯೂಬಿಗೆ ಜಾನ್ ಗಾಫ್ ರ‍್ಯಾಂಡ್ ಪೇಟೆಂಟ್ ಪಡೆದದ್ದು 1841ರಲ್ಲಿ. ನಮಗೆ ಆ ಕಷ್ಟವಿಲ್ಲ.

ಬರೆಯುವಾಗ ಒಂದು ಕ್ಷಣವನ್ನು ಆರಿಸಿಕೊಂಡು ಅದಕ್ಕೇ ಕಟ್ಟುಬೀಳಿ. ಮೋಡದ ಹೊರಗೆರೆಯನ್ನು ಮೊದಲ ಎರಡು ನಿಮಿಷಗಳಲ್ಲಿ ಅಗಲ ಕುಂಚದಿಂದ ಗುರುತಿಸಿದ ಮೇಲೆ ಆಕಾಶದ ಮೋಡ ಹೇಗೇ ಬದಲಾದರೂ ಗೆರೆಯನ್ನು ಬದಲಿಸದೆ, ಹೊಸ ಮೋಡದಿಂದ ಬಣ್ಣವನ್ನು ಮಾತ್ರ ಎರವಲು ಪಡೆಯಿರಿ. ಅರಳೆ ರಾಶಿಯಂಥ ಮೋಡಗಳ ಅಡಿ ಚಪ್ಪಟೆಯಾಗಿರುವುದನ್ನು ನೋಡಿರುತ್ತೀರಿ. ನೀರಾವಿ ತುಂಬಿದ ಗಾಳಿ ಮೇಲೇರುತ್ತ ಹೆಚ್ಚುಕಡಿಮೆ ಒಂದೇ ಎತ್ತರದಲ್ಲಿ ತಣಿದು ಹನಿಗಟ್ಟುವುದೇ ಅದಕ್ಕೆ ಕಾರಣ. ಆ ಅಡಿಗಳು ನೆತ್ತಿಯ ಮೇಲೆ ಅಗಲವಾಗಿ, ದಿಗಂತದತ್ತ ಹೋದಂತೆ ಕಿರಿದಾಗಿ, ಒಂದಕ್ಕೊಂದು ಒತ್ತಿಕೊಂಡು ಕಾಣುವಂತೆ ಬರೆದರೆ ಆಕಾಶಕ್ಕೆ ಆಳ ತಾನಾಗಿಯೇ ಬರುತ್ತದೆ. ಅಡಿಯ ನೆರಳಿಗೆ ಕಪ್ಪು ಬಣ್ಣ ಮುಟ್ಟಬೇಡಿ. ಅಲ್ಲಿ ನೀಲಿ ಇರುತ್ತದೆ, ಕೆಳಗಿನ ಗದ್ದೆ ತೋಟಗಳಿಂದ ಮೇಲಕ್ಕೆ ಚಿಮ್ಮಿದ ಬೆಳಕೂ ಇರುತ್ತದೆ.

ಒಣಗುವ ವಿಷಯ. ಜಲವರ್ಣದಂತೆ ತೈಲವರ್ಣ ನೀರು ಆರಿ ಒಣಗುವುದಿಲ್ಲ. ಅದರಲ್ಲಿರುವ ಅಗಸೆ ಎಣ್ಣೆ ಗಾಳಿಯ ಆಮ್ಲಜನಕವನ್ನು ಹೀರಿ ಗಟ್ಟಿಯಾಗುತ್ತದೆ. ಅದಕ್ಕೆ ಬೆಳಕೂ ಗಾಳಿಯಾಟವೂ ಬೇಕು. ಮಲೆನಾಡಿನ ಜುಲೈ ತಿಂಗಳಲ್ಲಿ ಚಿತ್ರವನ್ನು ಬೀರುವಿನಲ್ಲಿ ಮುಚ್ಚಿಟ್ಟರೆ ಬೂಸು ಹಿಡಿಯುವುದು ಖಂಡಿತ. ಬೆಳಕು ಬೀಳುವ ಕೋಣೆಯಲ್ಲಿ, ಗೋಡೆಗೆ ಅಂಟದಂತೆ ನಿಲ್ಲಿಸಿ, ತೆಳುವಾಗಿ ಬರೆದಿದ್ದರೆ ಒಂದೆರಡು ವಾರದಲ್ಲಿ ಕೈಗಂಟದಂತಾಗುತ್ತದೆ. ಅಂಬರ್‌ನಂಥ ಮಣ್ಣಿನ ಬಣ್ಣಗಳು ಬೇಗ ಗಟ್ಟಿಯಾಗುತ್ತವೆ, ಟೈಟೇನಿಯಂ ಬಿಳಿ ತಡಮಾಡುತ್ತದೆ. ಇನ್ನೊಂದನ್ನು ಮರೆಯಬೇಡಿ: ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆಸೆದರೆ ಅದು ಒಳಗೊಳಗೇ ಬಿಸಿಯೇರಿ ತಾನಾಗಿ ಹೊತ್ತಿಕೊಳ್ಳಬಲ್ಲದು. ಹೊರಗೆ ಹರಡಿ ಒಣಗಿಸಿಯೇ ಬಿಸಾಡಿ.

ಚಿತ್ರ ಒಣಗಿದ ಮೇಲೆ ಮನೆಯೊಳಗೆ ಕುಳಿತು ತಿದ್ದುವ ಆಸೆ ಬರುತ್ತದೆ. ನನಗೂ ಬಂದಿತ್ತು. ಕೆರೆ ಏರಿಯ ಮೇಲೆ ಕುಳಿತು ಇಪ್ಪತ್ತು ನಿಮಿಷದಲ್ಲಿ ಬರೆದ ಒಂದು ಸಂಜೆಗೆ ಕೆಂಪು ಸಾಲದೆಂದು ಮಾರನೆಯ ದಿನ ಕಿಟಕಿಯ ಬಳಿ ಕುಳಿತು ಚೂರು ಸೇರಿಸಿದೆ, ಅದಕ್ಕೆ ಹೊಂದಲೆಂದು ನೀರಿಗೂ ಸೇರಿಸಿದೆ, ಮಧ್ಯಾಹ್ನದ ಹೊತ್ತಿಗೆ ಅದು ಕ್ಯಾಲೆಂಡರಿನ ಸೂರ್ಯಾಸ್ತವಾಗಿತ್ತು. ಹಿಂದಿನ ಸಂಜೆ ಕಂಡದ್ದು ಅದರಲ್ಲಿ ಒಂದಿಷ್ಟೂ ಉಳಿದಿರಲಿಲ್ಲ. ಇಂದಿಗೂ ಆ ಕಾಗದವನ್ನು ನೋಡಿದರೆ ಸಂಕಟವಾಗುತ್ತದೆ. ಅಂದಿನಿಂದ ಹೊರಗೆ ಬರೆದದ್ದನ್ನು ಒಳಗೆ ಮುಟ್ಟುವುದಿಲ್ಲ; ಕೊರತೆ ಕಂಡರೆ ಮತ್ತೊಂದು ಕಾಗದ ತೆಗೆದುಕೊಂಡು ಮತ್ತೆ ಹೋಗುತ್ತೇನೆ.

ಪ್ರಶ್ನೆ: ಅಪಾರ್ಟ್‌ಮೆಂಟಿನ ಮೂರನೆಯ ಮಹಡಿಯಲ್ಲಿ ವಾಸ. ಬಾಲ್ಕನಿಯಿಂದ ಎದುರು ಕಟ್ಟಡದ ಗೋಡೆ ಮತ್ತು ಒಂದು ತುಂಡು ಆಕಾಶ ಬಿಟ್ಟು ಬೇರೇನೂ ಕಾಣದು. ಇಂಥ ಕಡೆ ನಿಸರ್ಗಚಿತ್ರ ಸಾಧ್ಯವೇ? (ಓದುಗರು, ಬೆಂಗಳೂರು)

ಉತ್ತರ: ನೀವು ಹೇಳಿದ್ದೇ ಚಿತ್ರ 1782ರ ಸುಮಾರಿಗೆ ಒಮ್ಮೆ ಆಗಿದೆ. ವೇಲ್ಸ್‌ನ ಥಾಮಸ್ ಜೋನ್ಸ್ ಇಟಲಿಯ ನೇಪಲ್ಸ್ ನಗರದಲ್ಲಿದ್ದಾಗ ಎದುರಿನ ಕಟ್ಟಡದ ಗೋಡೆಯನ್ನು ಕಾಗದದ ಮೇಲೆ ತೈಲವರ್ಣದಲ್ಲಿ ಬರೆದ: ಕಲೆಗಟ್ಟಿದ ಗಾರೆ, ಗೋಡೆಯ ತೂತುಗಳು, ಪುಟ್ಟ ಬಾಲ್ಕನಿಯಲ್ಲಿ ಒಣಹಾಕಿದ ಬಟ್ಟೆ, ಮೇಲೊಂದು ಪಟ್ಟಿ ನೀಲಿ ಆಕಾಶ. ಅಳತೆ 11.4 ಸೆಂಟಿಮೀಟರ್ ಎತ್ತರ, 16 ಸೆಂಟಿಮೀಟರ್ ಅಗಲ, ಅಂದರೆ ಅಂಚೆ ಕಾರ್ಡಿಗಿಂತ ಸ್ವಲ್ಪ ದೊಡ್ಡದು. ಅವನ ಇಂಥ ಅಭ್ಯಾಸಗಳು 1950ರ ದಶಕದವರೆಗೆ ಹೊರಜಗತ್ತಿಗೆ ಹೆಚ್ಚಾಗಿ ತಿಳಿದಿರಲಿಲ್ಲ. ಈಗ ಈ ಗೋಡೆ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಆ ಒಣಬಟ್ಟೆಯ ಬಿಳಿಗೂ ಗೋಡೆಯ ಬಿಸಿಲಿಗೂ ನಡುವಿನ ಅಂತರವನ್ನು ಅವನು ಹಿಡಿದ ರೀತಿಯನ್ನು ಕಂಡರೆ ನಿಮ್ಮ ಬಾಲ್ಕನಿಯ ಬಗ್ಗೆ ನಿಮಗೆ ಬೇಸರವಾಗದು.

ನಿಮ್ಮ ಊರಿನವರೇ ಆದ ರುಮಾಲೆ ಚನ್ನಬಸವಯ್ಯನವರ ಚಿತ್ರಗಳನ್ನೂ ನೋಡಿ. ಸ್ವಾತಂತ್ರ್ಯ ಹೋರಾಟ, ಪತ್ರಿಕೋದ್ಯಮ, ರಾಜಕಾರಣಗಳ ನಂತರ ಮತ್ತೆ ಕುಂಚ ಹಿಡಿದ ಅವರು ಬೆಂಗಳೂರಿನ ಹೂಮರಗಳನ್ನು ಅವು ನಿಂತ ಜಾಗಕ್ಕೇ ಹೋಗಿ ಬರೆದವರು.

ಪ್ರಶ್ನೆ: ನಾನು ಬರೆದ ಹೂಗಳು ಪ್ಲಾಸ್ಟಿಕ್ಕಿನವುಗಳಂತೆ ಕಾಣುತ್ತವೆ. ಏಕೆ? (ಓದುಗರು, ಮೈಸೂರು)

ಉತ್ತರ: ಎಸಳುಗಳನ್ನು ಒಂದೊಂದಾಗಿ ಎಣಿಸಿ ಬರೆಯುತ್ತಿದ್ದೀರಿ ಎಂದು ಊಹಿಸುತ್ತೇನೆ. ಮೊದಲು ಕಣ್ಣನ್ನು ಅರೆ ಮುಚ್ಚಿ, ಇಡೀ ಹೂವನ್ನು ಬೆಳಕಿನ ಭಾಗ, ನೆರಳಿನ ಭಾಗ ಎಂದು ಎರಡೇ ಬಣ್ಣದಲ್ಲಿ ಹಾಕಿ. ಅಂಚುಗಳನ್ನು ಎಲ್ಲ ಕಡೆಯೂ ಚೂಪಾಗಿ ಬಿಡದೆ ನೆರಳಿನ ಕಡೆ ಹಿನ್ನೆಲೆಯೊಳಗೆ ಕರಗಿಸಿ. ಎಸಳಿನ ಮಡಿಕೆಗಳು ಮೂರೋ ನಾಲ್ಕೋ ಗೀರುಗಳಲ್ಲಿ ಕೊನೆಗೆ ಬರಲಿ. ಫ್ರಾನ್ಸಿನ ಎದುವಾರ್ ಮಾನೆ ಕಾಯಿಲೆಯಿಂದ ದೊಡ್ಡ ಚಿತ್ರಗಳಿಗೆ ನಿಲ್ಲಲಾರದಾದಾಗ, ಗೆಳೆಯರು ತಂದುಕೊಟ್ಟ ಹೂಗುಚ್ಛಗಳನ್ನು ಗಾಜಿನ ಪಾತ್ರೆಯಲ್ಲಿಟ್ಟು ಬರೆದ ಸುಮಾರು 16 ಚಿತ್ರಗಳು ಈ ವಿಷಯದಲ್ಲಿ ನನಗೆ ಪಾಠಶಾಲೆ. 1883ರ ಏಪ್ರಿಲ್ 30ರಂದು ಮಾನೆ ತೀರಿಕೊಂಡ. ಆ ಚಿತ್ರಗಳಲ್ಲಿ ಹೂವಿನಷ್ಟೇ ಗಮನ ಗಾಜಿನೊಳಗಿನ ನೀರಿಗೂ ನೀರಿನಲ್ಲಿ ಮುರಿದಂತೆ ಕಾಣುವ ದಂಟುಗಳಿಗೂ ಸಂದಿದೆ. ನಾಳೆ ಬೆಳಗ್ಗೆ ದೇವರಾಜ ಮಾರುಕಟ್ಟೆಯಿಂದ ನಾಲ್ಕು ಸೇವಂತಿಗೆ ತಂದು ಗಾಜಿನ ಲೋಟದಲ್ಲಿಟ್ಟು, ಹೂವಿಗಿಂತ ಮೊದಲು ಲೋಟದ ನೀರನ್ನು ಬರೆದು ನೋಡಿ. ಹಿಂಬದಿಯಲ್ಲಿ ದಿನಾಂಕವನ್ನೂ ಹೊತ್ತನ್ನೂ ಬರೆದಿಡಿ.