ಚೀನಾದ ಎಣಿಕೆ ಕಡ್ಡಿಗಳು ಅಬ್ಯಾಕಸ್ಸಿನ ಹಿಂದಿನ ಒರಟು ರೂಪವಲ್ಲವೇ? ಮೊದಲು ಅಬ್ಯಾಕಸ್ ಕಲಿತರೆ ಕಡ್ಡಿ ಸುಲಭವಾಗುತ್ತದೆಯೇ?

ಇಲ್ಲ. ಅಬ್ಯಾಕಸ್ ಬರುತ್ತದೆ ಎಂಬ ಧೈರ್ಯದ ಮೇಲೆಯೇ ಕಡ್ಡಿಗೆ ಕೈಹಾಕಿ ಕೆಟ್ಟವನು ನಾನು. ಅಬ್ಯಾಕಸ್ಸಿನಲ್ಲಿ ಪ್ರತಿ ಸ್ಥಾನಕ್ಕೂ ಒಂದು ಮಣಿಸಾಲು ಖಾಯಂ. ಕಡ್ಡಿಗಳನ್ನು ಸಾಲಾಗಿ ಜೋಡಿಸಿ ಅಂಕಿ ಮಾಡುವಾಗ ಸೊನ್ನೆ ಎಂದರೆ ಬರಿಯ ಖಾಲಿ ಜಾಗ.

ಶಾಲೆಯೊಂದರಲ್ಲಿ ಹಳೆಯ ಚೀನಾದ ಲೆಕ್ಕ ತೋರಿಸಲು ಕರೆದಿದ್ದರು. ತೆಂಗಿನ ಕಡ್ಡಿ ಕತ್ತರಿಸಿ ಬಣ್ಣ ಬಳಿದುಕೊಂಡು ಹೋದೆ. ಧನಕ್ಕೆ ಕೆಂಪು, ಋಣಕ್ಕೆ ಕಪ್ಪು ಎಂದು ಕ್ರಿ.ಶ. 263ರಲ್ಲಿ ಚೀನಾದ ಗಣಿತಜ್ಞ ಲಿಯು ಹುಯಿ ವಿವರಿಸಿದ್ದಾನೆ. ಅವನು ಟೀಕೆ ಬರೆದ ‘ಒಂಬತ್ತು ಅಧ್ಯಾಯಗಳು’ ಎಂಬ ಹಳೆಯ ಗಣಿತ ಗ್ರಂಥದ 8ನೆಯ ಅಧ್ಯಾಯದ ಮೊದಲ ಲೆಕ್ಕ ಆರಿಸಿಕೊಂಡೆ. ಉತ್ತಮ, ಮಧ್ಯಮ, ಸಾಧಾರಣ ಧಾನ್ಯದ ಕಟ್ಟುಗಳು ಕ್ರಮವಾಗಿ 3, 2, 1 ಇದ್ದರೆ 39 ದೌ (ಧಾನ್ಯ ಅಳೆಯುವ ಚೀನೀ ಅಳತೆ) ಕಾಳು. 2, 3, 1 ಇದ್ದರೆ 34. 1, 2, 3 ಇದ್ದರೆ 26. ಒಂದೊಂದು ಕಟ್ಟಿನಲ್ಲಿ ಎಷ್ಟು?

ನಾನು ಎಲ್ಲ ಅಂಕಿಗಳನ್ನೂ ನೆಟ್ಟಗೆ ಇಟ್ಟೆ. ಬಿಡಿ ನೆಟ್ಟಗೆ, ಹತ್ತು ಅಡ್ಡ, ನೂರು ನೆಟ್ಟಗೆ, ಸಾವಿರ ಅಡ್ಡ ಎಂಬುದು ಸುನ್‌ಜಿಯ ಗಣಿತ ಗ್ರಂಥದ ನಿಯಮ. ಓದಿದ್ದೆ; ಅಲಂಕಾರಕ್ಕಿರಬೇಕೆಂದು ಬಿಟ್ಟಿದ್ದೆ. ಒಂದೊಂದು ಷರತ್ತಿಗೆ ಒಂದೊಂದು ಕಂಬಸಾಲು. ಉತ್ತಮ ಧಾನ್ಯವನ್ನು ಲೆಕ್ಕದಿಂದ ತೆಗೆಯಲು ಎರಡನೆಯ ಕಂಬಸಾಲನ್ನು ಮೂರರಿಂದ ಗುಣಿಸಿದಾಗ 34 ಹೋಗಿ 102 ಆಯಿತು. ನೂರಕ್ಕೊಂದು ಕಡ್ಡಿ, ಹತ್ತರ ಜಾಗ ಖಾಲಿ, ಬಿಡಿಗೆ ಎರಡು. ಯಾರದೋ ಕೈ ತಗುಲಿ ಕಡ್ಡಿ ಸರಿಯಿತು. ನನ್ನ ಕಣ್ಣಿಗೆ ಅದು 12. ನಿಯಮದಂತೆ ಇಟ್ಟಿದ್ದರೆ 12ರಲ್ಲಿನ ಒಂದು ಅಡ್ಡ ಮಲಗಿರಬೇಕಿತ್ತು! ಎರಡು ಅಂಕಿಗಳು ಅಕ್ಕಪಕ್ಕದಲ್ಲಿ ನೆಟ್ಟಗೇ ನಿಂತಿವೆ ಎಂದರೆ ನಡುವೆ ಒಂದು ಸ್ಥಾನ ಖಾಲಿಯಿದೆ ಎಂದೇ ಲೆಕ್ಕ. ಸೊನ್ನೆಗೆ ಗುರುತೇ ಇಲ್ಲದಾಗ ಅದನ್ನು ಕಾಯುತ್ತಿದ್ದುದು ಈ ಸರದಿ. (1002ರಂತೆ ಎರಡು ಸೊನ್ನೆ ಒಟ್ಟಿಗೆ ಬಂದರೆ ಈ ಕಾವಲೂ ಸಾಲದು, ಅಳೆದು ಜಾಗ ಬಿಡಲೇಬೇಕು.)

ಆ 12ರಿಂದ ಮೊದಲ ಕಂಬಸಾಲಿನ 39ನ್ನು ಎರಡು ಸಲ ಕಳೆದೆ, ಋಣ 66 ಬಂತು. ಅನುಮಾನಪಡುವುದು ಬಿಟ್ಟು, ಕಪ್ಪು ಕಡ್ಡಿ ಹೊರತೆಗೆಯಲು ಅವಕಾಶ ಸಿಕ್ಕಿತೆಂದು ಉಬ್ಬಿಹೋದೆ. ಕೊನೆಗೆ ಮಧ್ಯಮ ಧಾನ್ಯದ ಕಟ್ಟೊಂದರಲ್ಲಿ ಋಣ 15¾ ದೌ ಕಾಳು! ಮಕ್ಕಳು ಬಿದ್ದು ಬಿದ್ದು ನಕ್ಕರು. ಆ ಶಾಲೆಯವರು ಮತ್ತೆ ಕರೆಯಲಿಲ್ಲ.

ಕಡ್ಡಿಯನ್ನು ಒರಟು ರೂಪ ಎನ್ನುವುದನ್ನು ನಾನು ಒಪ್ಪುವುದಿಲ್ಲ. ಮೂರು ಸಮೀಕರಣಗಳನ್ನು ಪಕ್ಕಪಕ್ಕದಲ್ಲಿ ಹರಡಿ, ಕಣ್ಣೆದುರೇ ಒಂದೊಂದು ಅಜ್ಞಾತವನ್ನು ಕಳೆಯುತ್ತ ಹೋಗಲು ಅಬ್ಯಾಕಸ್ಸಿನ ಒಂದು ಚೌಕಟ್ಟಿನಲ್ಲಿ ಜಾಗವೆಲ್ಲಿದೆ? ಮಿಂಗ್ ಅರಸರ ಕಾಲದಲ್ಲಿ ಅಬ್ಯಾಕಸ್ ಕಡ್ಡಿಯನ್ನು ಹಿಂದೆ ಹಾಕಿದ್ದು ವ್ಯಾಪಾರದ ಲೆಕ್ಕಕ್ಕೆ ಬೇಕಾದ ವೇಗದಿಂದ.

ಏನನ್ನೂ ಕೊಳ್ಳಬೇಡಿ, ಪೊರಕೆ ಕಡ್ಡಿ ಸಾಕು. ಚೀನಾದ ಹಾನ್ ಅರಸರ ಕಾಲದ ದಾಖಲೆಯಲ್ಲಿ ಕಡ್ಡಿಯ ಉದ್ದ ಸುಮಾರು 14 ಸೆಂ.ಮೀ.; ಊಟದ ಮೇಜಿಗೆ ಅದರ ಅರ್ಧ ಸಾಕು. ಮೇಲಿನ ಲೆಕ್ಕದಿಂದಲೇ ಆರಂಭಿಸಿ. 9¼, 4¼, 2¾ ಬರಬೇಕು.